ಮೋಸಗಾರನ ಮಾತನ್ನು ಕತ್ತರಿಸಿ ನೋಡೋಣ



ಚಾಲಿ ಅಡಿಕೆಯನ್ನು ಕತ್ತರಿಸಿ, ಒಳಗನ್ನು ನೋಡಿ ದರ್ಜೆ ಹೇಳುವವರು ನಾವು. ಫೋನಿನಲ್ಲಿ ಬರುವ ಮಾತನ್ನೂ ಹಾಗೆಯೇ ಕತ್ತರಿಸಿ ನೋಡಬೇಕಾಗಿದೆ. ಕಾಫಿ, ಅಡಿಕೆ ಮಾರಿದ ವರ್ಷದ ಹಣವೆಲ್ಲ ಒಂದೇ ಖಾತೆಯಲ್ಲಿರುವ ಸಣ್ಣ ಬೆಳೆಗಾರನಿಗೆ ಇದು ಬದುಕಿನ ಪ್ರಶ್ನೆ. ‘ಡಿಜಿಟಲ್ ಅರೆಸ್ಟ್’ ಎಂಬ ಮೋಸವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲನೆಯದು ಅಧಿಕಾರದ ಮಾತು. “ನಾವು ಸಿ.ಬಿ.ಐ.ನವರು. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ.” ಸೆಕ್ಷನ್ನು, ಕೇಸಿನ ನಂಬರು ಒಂದರ ಮೇಲೊಂದು ಬರುತ್ತವೆ. ನಮ್ಮ ವಿಳಾಸವನ್ನೋ ಆಧಾರ್ ಸಂಖ್ಯೆಯನ್ನೋ ಸರಿಯಾಗಿ ಓದಿ ಹೇಳುತ್ತಾರೆ. ಒಂದು ಮಾತು ನಿಜವಾದರೆ ಉಳಿದ ಒಂಬತ್ತನ್ನೂ ಮನಸ್ಸು ನಂಬಿಬಿಡುತ್ತದೆ.

ಎರಡನೆಯದು ಅವಸರ. “ಎರಡು ಗಂಟೆಯೊಳಗೆ ಉತ್ತರಿಸದಿದ್ದರೆ ವಾರಂಟು.” ಯೋಚಿಸಲು ಎಡೆಗೊಡದಿರುವುದೇ ಇದರ ಉದ್ದೇಶ.

ಮೂರನೆಯದು ಗುಟ್ಟು. “ಮನೆಯವರಿಗೆ ಹೇಳಿದರೆ ಅವರ ಮೇಲೂ ಕೇಸಾಗುತ್ತದೆ.” ಪಕ್ಕದಲ್ಲಿ ಒಬ್ಬರು ಕೇಳಿಸಿಕೊಂಡರೂ ಮೋಸ ಬಯಲಾದೀತೆಂದು ಅವರಿಗೆ ಗೊತ್ತು. ಆದ್ದರಿಂದಲೇ ವಿಡಿಯೋ ಕರೆ ನಿಲ್ಲಿಸಲು ಬಿಡುವುದಿಲ್ಲ.

ನಾಲ್ಕನೆಯದು ಕನಿಕರ. ಒಬ್ಬ ಗದರಿಸಿದ ಮೇಲೆ ಇನ್ನೊಬ್ಬ ಮೆತ್ತಗೆ, “ನೀವು ಮರ್ಯಾದಸ್ಥರು, ನಾನು ದಾರಿ ತೋರಿಸುತ್ತೇನೆ” ಎನ್ನುತ್ತಾನೆ. ಹಣದ ಮಾತು ಬರುವುದು ಆಗ. ಅವನು “ಹಣ ಕೊಡಿ” ಎನ್ನುವುದಿಲ್ಲ. “ಪರಿಶೀಲನೆಗಾಗಿ ವರ್ಗಾಯಿಸಿ, ವಾಪಸು ಬರುತ್ತದೆ” ಎನ್ನುತ್ತಾನೆ. ಹೆಸರು ಬದಲಾದಾಗ ಕಳೆದುಕೊಳ್ಳುವುದೂ ಜೋಪಾನ ಮಾಡಿದಂತೆ ಕೇಳಿಸುತ್ತದೆ.

ಫೋನಿನಲ್ಲಿ ಬಂಧಿಸುವ ಕ್ರಮ ನಮ್ಮ ಕಾನೂನಿನಲ್ಲಿಯೇ ಇಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳೂ ‘ಮನ್ ಕೀ ಬಾತ್’ ಬಾನುಲಿ ಭಾಷಣದಲ್ಲಿ ಇದನ್ನೇ ಸ್ಪಷ್ಟಪಡಿಸಿದರು. ಯಾವ ತನಿಖಾ ಸಂಸ್ಥೆಯೂ ಫೋನಿನಲ್ಲಿ ಹಣ ಕೇಳುವುದಿಲ್ಲ.

“ಯಾರಿಗೂ ಹೇಳಬೇಡಿ” ಎಂಬ ಮಾತು ಕಿವಿಗೆ ಬಿದ್ದೊಡನೆ ಫೋನು ಕೆಳಗಿಟ್ಟು ಮನೆಯವರನ್ನು ಕರೆಯಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಕೊನೆಯದಾಗಿ ಒಂದು ವಿನಂತಿ. ಓದಿದವರೂ, ದೊಡ್ಡ ಹುದ್ದೆಯಲ್ಲಿದ್ದವರೂ ಈ ಬಲೆಗೆ ಬಿದ್ದಿದ್ದಾರೆ. ಮೋಸಹೋದವರನ್ನು ನಾವು ಆಡಿಕೊಂಡರೆ ಮುಂದಿನವರು ಬಾಯಿಬಿಡುವುದಿಲ್ಲ. ಆ ಮೌನದ ಲಾಭ ಮೋಸಗಾರನಿಗೇ.

— ಕಾರ್ಯದರ್ಶಿ