ಕಾರಹುಣ್ಣಿಮೆಗೆ ನೀರಲ ಹಣ್ಣು, ಹಸಿ ಶುಂಠಿ

ಪ್ರಶ್ನೆ: ಮಗ, ಸೊಸೆ ಕಾರಹುಣ್ಣಿಮೆಗೆ ಬೆಂಗಳೂರಿನ ಗೆಳೆಯರನ್ನು ಕರಕೊಂಡು ಬರುವವರಿದ್ದಾರೆ. ಶುಂಠಿ, ಬೆರ್ರಿ ಹಾಕಿ ಹಗುರವಾದ ಕಾಕ್‌ಟೇಲ್ ಮಾಡೋಣ ಅಂತಾರೆ. ಸ್ಟ್ರಾಬೆರಿ, ಬ್ಲೂಬೆರಿ ನಮ್ಮೂರಲ್ಲಿ ಎಲ್ಲಿಂದ ತರಲಿ? ಮನೆಯಲ್ಲಿ ಹಿರಿಯರು, ಮಕ್ಕಳು ಇದ್ದಾರೆ. ಮದ್ಯವಿಲ್ಲದೆ ಮಾಡಲು ಬರುತ್ತದೆಯೆ?
— ಗೃಹಿಣಿ, ಶಹಾಪುರ

ಉತ್ತರ: ಅಕ್ಕಾರೆ, ಧಾರಾಳವಾಗಿ ಬರುತ್ತದೆ. ಮಹಾಬಳೇಶ್ವರದ ಸ್ಟ್ರಾಬೆರಿ ಚಳಿಗಾಲದ ಹಣ್ಣು. ಜೂನ್‌ನಲ್ಲಿ ಸಿಕ್ಕರೂ ಹೆಪ್ಪುಗಟ್ಟಿಸಿದ್ದೇ ಸಿಗುತ್ತದೆ. ಅದರ ಬೆನ್ನು ಹತ್ತಬೇಡಿ. ಕಾರಹುಣ್ಣಿಮೆ ಹೊತ್ತಿಗೆ ನೀರಲ ಹಣ್ಣು ಪೇಟೆಗೆ ಬರುತ್ತದೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದೂ ಬೆರ್ರಿಯೇ. ಬೇಸಿಗೆಯ ಕೊನೆಯ ಫಾಲ್ಸಾ ಹಣ್ಣು ಸಿಕ್ಕರೆ ಒಂದು ಹಿಡಿ ಸೇರಿಸಿ. ನೀರಲದ ಒಗರಿಗೆ ಅದರ ಹುಳಿ ಚೆನ್ನಾಗಿ ಒಗ್ಗುತ್ತದೆ.

ನಾಲ್ಕು ಗ್ಲಾಸಿಗೆ ಕಾಲು ಕಿಲೋ ಮಾಗಿದ ನೀರಲ ಹಣ್ಣು ಸಾಕು. ತೊಳೆದು, ಚಿಟಿಕೆ ಉಪ್ಪು ಹಾಕಿ ಕೈಯಿಂದಲೇ ಕಿವುಚಿ. ಬೀಜದ ಸಮೇತ ಮಿಕ್ಸರ್‌ಗೆ ಹಾಕಿದರೆ ಬೀಜ ಒಡೆದು ಕಹಿ ಬಿಡುತ್ತದೆ, ಆ ಕಹಿಯನ್ನು ಯಾವ ಸಕ್ಕರೆಯೂ ಮುಚ್ಚಲಾರದು. ಜರಡಿಯಲ್ಲಿ ಒತ್ತಿ ಸೋಸಿದಾಗ ಗಟ್ಟಿ ನೇರಳೆ ತಿರುಳು ಇಳಿಯುತ್ತದೆ.

ಇನ್ನು ಶುಂಠಿ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಬೀದರ್ ಪಾಲಿಗೆ ಬಂದದ್ದೇ ಶುಂಠಿ, ಹಾಗಾಗಿ ಒಳ್ಳೆಯ ಶುಂಠಿಗೆ ನಮ್ಮ ಭಾಗದಲ್ಲಿ ಬರವಿಲ್ಲ. ನಾರು ಬಲಿಯದ ಹಸಿ ಶುಂಠಿ 25 ಗ್ರಾಂ ತುರಿದು ಬಟ್ಟೆಯಲ್ಲಿ ಹಿಂಡಿದರೆ ಎರಡು ಟೀ ಚಮಚ ರಸ ಬರುತ್ತದೆ. ಅದನ್ನು ಕಾಲು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಸುಣ್ಣದಂಥ ಬಿಳಿ ಪಿಷ್ಟ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಹೆಚ್ಚಿನವರು ಬಿಡುವುದು ಈ ಕೆಲಸವನ್ನೇ, ಆಮೇಲೆ ಪಾನೀಯ ಮಬ್ಬಾಯಿತು, ನಾಲಿಗೆಗೆ ಹಿಟ್ಟುಹಿಟ್ಟಾಯಿತು ಅನ್ನುತ್ತಾರೆ.

ಒಂದೊಂದು ಗ್ಲಾಸಿಗೆ ತಿರುಳು 40 ಮಿ.ಲೀ., ಸಮತೂಕದ ಸಕ್ಕರೆ–ನೀರಿನ ಪಾಕ 20 ಮಿ.ಲೀ., ಲಿಂಬೆ ರಸ 15 ಮಿ.ಲೀ., ಶುಂಠಿ ತಿಳಿ ಅರ್ಧ ಟೀ ಚಮಚ. ಬೆಲ್ಲ ಬೇಡ, ಬಣ್ಣ ಮಂಕಾಗುತ್ತದೆ. ಲಿಂಬೆ ಇಂಡಿ ತಾಲ್ಲೂಕಿನದಾದರೆ ಇನ್ನೂ ಒಳ್ಳೆಯದು. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ರಸವೂ ಹೆಚ್ಚು. ಐಸ್ ಹಾಕಿ ಚೆನ್ನಾಗಿ ಕಲಕಿ. ತಣ್ಣಗಿನ ಗೋಲಿ ಸೋಡಾ 100 ಮಿ.ಲೀ. ಕೊನೆಗೆ, ಗ್ಲಾಸನ್ನು ಓರೆ ಹಿಡಿದು ನಿಧಾನವಾಗಿ ಸುರಿಯಿರಿ. ಸೋಡಾ ಹಾಕಿದ ಮೇಲೆ ಕಲಕಿದರೆ ಗ್ಯಾಸ್ ಹಾರಿಹೋಗುತ್ತದೆ, ಹಗುರತನ ನಿಂತಿರುವುದೇ ಅದರ ಮೇಲೆ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಪಾಕ ಬಿಟ್ಟು ಮಾಡಿಕೊಡಿ. ನೀರಲ ಹಣ್ಣು ಒಳ್ಳೆಯದೆಂಬ ಮಾತು ಪಾನೀಯದೊಳಗಿನ ಸಕ್ಕರೆ ಪಾಕಕ್ಕೆ ಅನ್ವಯಿಸದು.

ಪ್ರಶ್ನೆ: ಗೆಳೆಯರೆಲ್ಲ ಸೇರಿ ನೀರಲ ಹಣ್ಣು, ಜಿನ್ ಹಾಕಿ ಕಾಕ್‌ಟೇಲ್ ಮಾಡಿದೆವು. ಶುಂಠಿ ಕುದಿಸಿ ಹಾಕಿದ್ದಕ್ಕೆ ಕಷಾಯದ ರುಚಿ ಬಂತು. ಬುರುಗು ಬರಲೆಂದು ಅಡುಗೆ ಸೋಡಾ ಹಾಕಿದರೆ ಬಣ್ಣ ಶಾಯಿಯಂತೆ ನೀಲಿಗಟ್ಟಿತು. ಜಿನ್ ಎಷ್ಟು ಹಾಕಬೇಕು?
— ಓದುಗ, ಸುರಪುರ

ಉತ್ತರ: ತಮ್ಮಾ, ನೀರಲದ ಬಣ್ಣ ಆಂಥೋಸಯಾನಿನ್ ಎಂಬ ವಸ್ತುವಿನದು. ಹುಳಿ ತಗುಲಿದರೆ ಅದು ಕೆಂಪಿಗೆ ತಿರುಗುತ್ತದೆ, ಕ್ಷಾರ ತಗುಲಿದರೆ ನೀಲಿಗೆ. ಅಡುಗೆ ಸೋಡಾ ಕ್ಷಾರ. ಬಾಟಲಿ ಸೋಡಾದಲ್ಲಿ ಇರುವುದು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್, ಅದು ತುಸು ಹುಳಿಯದೇ, ಬಣ್ಣ ಕೆಡಿಸುವುದಿಲ್ಲ. ಶುಂಠಿ ಕುದಿಸಿದಿರೆಂದರೆ ಹಸಿ ಕಂಪು ಆವಿಯಾಗಿ ಹೋಯಿತು, ಉಳಿದದ್ದು ನೆಗಡಿಯ ನೆನಪು ತರುವ ವಾಸನೆ. ಒಣಶುಂಠಿಯೂ ಇಲ್ಲಿಗೆ ಸಲ್ಲದು, ಅದರ ಖಾರ ಹಸಿಯದಕ್ಕಿಂತ ಜೋರು.

ಜಿನ್ ಒಂದು ಗ್ಲಾಸಿಗೆ 30 ಮಿ.ಲೀ. ಮೀರಬೇಡಿ. ನಮ್ಮಲ್ಲಿನ ಬಹುತೇಕ ಜಿನ್‌ನಲ್ಲಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಅಂದರೆ ಆ 30 ಮಿ.ಲೀ.ನಲ್ಲೇ ಸುಮಾರು 10 ಗ್ರಾಂ. ಅದಕ್ಕಿಂತ ಹೆಚ್ಚು ಹಾಕಿದರೆ ಹಣ್ಣು ಸೋಲುತ್ತದೆ, ಶುಂಠಿಯೂ ಮರೆಯಾಗುತ್ತದೆ. ಜಿನ್ ಹಾಕುವಾಗ ಶುಂಠಿ ತಿಳಿಯನ್ನು ಕಾಲು ಚಮಚಕ್ಕೆ ಇಳಿಸಿ, ಎರಡೂ ಗಂಟಲು ಸುಡುವ ಜಾತಿಯವು. ಸಿಹಿ, ಹುಳಿಯ ಜೊತೆ ಮದ್ಯದ ಘಾಟು ಗೊತ್ತಾಗುವುದಿಲ್ಲ. ಇಂಥ ಪಾನೀಯದ ಅಪಾಯ ಇರುವುದೇ ಅಲ್ಲಿ: ಎರಡಾಯಿತೋ ನಾಲ್ಕಾಯಿತೋ ತಿಳಿಯದೆ ಇಳಿಯುತ್ತದೆ. 21 ತುಂಬದವರ ಕೈಗೆ ಕೊಡಬೇಡಿ. ಕುಡಿದವರು ರಾತ್ರಿ ಬೈಕ್ ಹತ್ತಿ ಶಹಾಪುರದ ರಸ್ತೆ ಹಿಡಿಯಬಾರದು, ಅಲ್ಲೇ ಮಲಗಲಿ. ಇದನ್ನು ಕಡ್ಡಾಯವೆಂದೇ ಹೇಳುತ್ತಿದ್ದೇನೆ.

ಪ್ರಶ್ನೆ: ನೀರಲ–ಶುಂಠಿ ಸಿರಪ್ ಮಾಡಿ ಬಾಟಲಿಯಲ್ಲಿ ಮಾರಬೇಕೆಂದಿದ್ದೇನೆ. ಬಹಳ ದಿನ ಹೇಗೆ ಕೆಡದಂತಿಡುವುದು?
— ತಂಪು ಪಾನೀಯದ ಅಂಗಡಿಯವರು, ಯಾದಗಿರಿ

ಉತ್ತರ: ಆಹಾರ ಸುರಕ್ಷತಾ ನಿಯಮದಂತೆ ಹಣ್ಣಿನ ಸಿರಪ್‌ನಲ್ಲಿ ಹಣ್ಣಿನ ರಸ ಕನಿಷ್ಠ ಶೇ 25, ಕರಗಿದ ಘನಾಂಶ ಕನಿಷ್ಠ ಶೇ 65 ಇರಬೇಕು. ಆ ಗಟ್ಟಿತನವೇ ಅರ್ಧ ರಕ್ಷಣೆ. ಸಂರಕ್ಷಕ ಬೇಕೆಂದರೆ ಅನುಮತಿಸಿದ ಪ್ರಮಾಣದ ಸೋಡಿಯಂ ಬೆಂಜೊಯೇಟ್ ಬಳಸಿ. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಮಾತ್ರ ಬೇಡ, ನೇರಳೆ ಬಣ್ಣವನ್ನು ಬಿಳಚಿಸಿಬಿಡುತ್ತದೆ. ಶುಂಠಿ ರಸವನ್ನು ಸಿರಪ್‌ಗೆ ಬೆರೆಸದೆ, ಗ್ಲಾಸಿಗೆ ಹಾಕುವಾಗ ತಾಜಾ ಹಿಂಡಿ. ನೋಂದಣಿ ಮಾಡಿಸದೆ ಮಾರಾಟಕ್ಕೆ ಇಳಿಯಬೇಡಿ.

ಪ್ರಶ್ನೆ: ಅದೇ ನೀರಲ, ಶುಂಠಿ ಹಾಕಿ ಮಿಲ್ಕ್‌ಶೇಕ್ ಮಾಡಿದರೆ ಹಾಲು ಒಡೆಯಿತು. ಏಕೆ?
— ವಿದ್ಯಾರ್ಥಿನಿ, ಶಹಾಪುರ

ಉತ್ತರ: ಹಣ್ಣಿನ ಹುಳಿ ಒಂದು ಕಾರಣ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವವೂ ಇದೆ. ಚಹಾ ಮಾಡುವಾಗ ಶುಂಠಿಯನ್ನು ಮೊದಲು ನೀರಲ್ಲಿ ಕುದಿಸಿ ಆಮೇಲೆ ಹಾಲು ಹಾಕುವುದು ಇದೇ ಕಾರಣಕ್ಕೆ, ಕುದಿದಾಗ ಕಿಣ್ವ ಸಾಯುತ್ತದೆ. ಮಿಲ್ಕ್‌ಶೇಕ್‌ಗೆ ಶುಂಠಿ ಬಿಟ್ಟು ಏಲಕ್ಕಿ ಹಾಕಮ್ಮಾ. ಹಾಲು, ತಿರುಳು ಎರಡನ್ನೂ ಚೆನ್ನಾಗಿ ತಣಿಸಿ, ಬೆರೆಸಿದ ಕೂಡಲೇ ಕುಡಿ.