ಕೆಮ್ಮಿರುವಾಗ ಮನೆಯಲ್ಲಿರುವುದೂ ಪ್ರೀತಿಯೇ

2020ರ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸರು ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಲೋಕಕ್ಕಾಗಿ ಪ್ರಾರ್ಥಿಸಿದರು. ಅದೇ ವರ್ಷ ನಮ್ಮ ಅನಂತಪುರ ಸೀಮೆಯ ಬತ್ತಲಪಲ್ಲಿಯ ಆರ್‌ಡಿಟಿ ಆಸ್ಪತ್ರೆ ಕೋವಿಡ್ ರೋಗಿಗಳನ್ನು ಸೇರಿಸಿಕೊಂಡಿತು. ದೂರವಿದ್ದು ಕಾಯುವುದು, ಹತ್ತಿರ ಹೋಗಿ ಆರೈಕೆ ಮಾಡುವುದು ಎರಡೂ ಪ್ರೀತಿಯೇ.

ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಭಾನುವಾರದ ಬಲಿಪೂಜೆ ಕಡ್ಡಾಯವಲ್ಲವೆಂದು ಧರ್ಮಸಭೆ ಕಲಿಸುತ್ತದೆ. ಆದ್ದರಿಂದ ಜ್ವರ, ಕೆಮ್ಮು ಇದ್ದರೆ ಮನೆಯಲ್ಲಿರೋಣ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸೋಣ. ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರ ಬಳಿ ಮಾಸ್ಕ್ ಧರಿಸೋಣ. ಶಾಂತಿಯ ವಂದನೆಯನ್ನು ಕೈಮುಗಿದು ಸಲ್ಲಿಸೋಣ.

ಆದರೆ ಒಂಟಿಯಾಗಿರುವ ಹಿರಿಯರನ್ನು ಮರೆಯದಿರೋಣ. ಊಟ, ಔಷಧಿಯನ್ನು ಬಾಗಿಲಿಗೆ ಮುಟ್ಟಿಸೋಣ. ತೆಲುಗು ಬಾರದವರಿಗೆ ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸೋಣ. ಪರಮಪ್ರಸಾದ ಬಯಸುವವರ ಹೆಸರನ್ನು ಗುರುಗಳಿಗೆ ಕೊಡೋಣ.

ಈ ವಾರ ಓಬಳಾಪುರದಲ್ಲಿ ನಾವು ಯಾರ ಬಾಗಿಲು ತಟ್ಟಬೇಕು?