ಕಾಲಡಿಯ ಕಲ್ಲನ್ನೂ ಸ್ವಲ್ಪ ನೋಡಿ

ಮುಂಬಯಿಯ ಸಯನ್‌ನಲ್ಲಿ ಮೂವತ್ತು ನಲವತ್ತು ವರ್ಷ ಸಂಸಾರ ಮಾಡಿದ ಕನ್ನಡಿಗರನ್ನೂ ಕೇಳಿ ನೋಡಿ, ಸಯನ್ ಕೋಟೆಯ ಗುಡ್ಡ ಹತ್ತಿದವರು ಸಿಗುವುದು ಕಷ್ಟ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಆದರೆ ರಜೆ ಬಂದರೆ ನೀವು ಮನಾಲಿಗೆ ಟಿಕೆಟ್ ಮಾಡಿಸುತ್ತೀರಿ, ಅಲ್ಲಿಯ ಬಂಡೆಯ ಮುಂದೆ ನಿಂತು ಫೋಟೋ ತೆಗೆದು ಊರಿಗೆಲ್ಲ ಕಳಿಸುತ್ತೀರಿ. ದೂರದ ಬೆಟ್ಟ ನುಣ್ಣಗೆ, ಹಿತ್ತಲ ಗಿಡ ಮದ್ದಲ್ಲ. ಎರಡು ಗಾದೆಯೂ ನಿಮಗೇ ಹೇಳಿ ಮಾಡಿಸಿದ್ದು. ಈಗೀಗ ನಿಮ್ಮ ಮಕ್ಕಳು ಹರಳು, ಕಲ್ಲು ಕೂಡಿಡತೊಡಗಿದ್ದಾರೆ, ಅವರ ಜೊತೆ ನೀವೂ. ಒಳ್ಳೆಯ ಹುಚ್ಚು, ಬಿಡಬೇಡಿ. ಆದರೆ ಯಾವುದಕ್ಕೂ ಒಂದು ಕ್ರಮ ಅಂತ ಇರುತ್ತದೆ, ಅದನ್ನು ಹೇಳುವವರು ಯಾರಾದರೂ ಬೇಕಲ್ಲ.

ಮೊದಲು ಮನೆಯ ಹತ್ತಿರದ್ದನ್ನೇ ನೋಡಿ. ಆ ಸಯನ್ ಕೋಟೆಯನ್ನು 1669ರಿಂದ 1677ರ ನಡುವೆ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜೆರಾಲ್ಡ್ ಆಂಗಿಯರ್ ಕಾಲದಲ್ಲಿ ಕಟ್ಟಿದರು. ಈಚೆ ಇಂಗ್ಲಿಷರ ಪರೇಲ್ ದ್ವೀಪ, ಆಚೆ ಪೋರ್ಚುಗೀಸರ ಸಾಲ್ಸೆಟ್, ನಡುವೆ ಕಾವಲಿಗೆ ಈ ಗುಡ್ಡ. ಕೋಟೆಗೆ ಮುನ್ನೂರೈವತ್ತು ವರ್ಷವಾದರೆ ಅದರ ಕೆಳಗಿನ ಕಲ್ಲಿಗೆ ಕೋಟಿಗಳ ಲೆಕ್ಕ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದ ನೆಲ ಉದ್ದುದ್ದ ಬಿರುಕು ಬಿಟ್ಟು ಲಾವಾ ಉಕ್ಕಿತು, ಪದರದ ಮೇಲೆ ಪದರ ಹರಿದು ಆರಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಜಾಗದಲ್ಲಿ ಆ ಕಲ್ಲು ಹಾಸಿಕೊಂಡಿದೆ. ದಖನ್ ಟ್ರ್ಯಾಪ್ ಎನ್ನುವುದು ಇದಕ್ಕೇ. ಮುಂಬಯಿಯ ಲಾವಾ ಅದರಲ್ಲಿ ಕೊನೆಕೊನೆಗೆ ಬಂದದ್ದು. ವಿಜಯಪುರದ ಎರೆಮಣ್ಣು ಹುಟ್ಟಿದ್ದು ಈ ಕಲ್ಲು ಸವೆದು ಪುಡಿಯಾಗಿ. ಗೋಲಗುಮ್ಮಟದ ಗೋಡೆಯೂ ಇದೇ ಜಾತಿಯ ಕಪ್ಪು ಬಸಾಲ್ಟಿನದು. ಉತ್ತರ ಕರ್ನಾಟಕದಿಂದ ಬಂದವರು ನೀವಾದರೆ, ಇಲ್ಲಿಯೂ ನಿಮ್ಮೂರ ಕಲ್ಲಿನ ಮೇಲೇ ಓಡಾಡುತ್ತಿದ್ದೀರಿ.

ಮಂಗಳೂರು, ಉಡುಪಿ ಕಡೆಯವರು ಬೇಸರ ಮಾಡಿಕೊಳ್ಳಬೇಡಿ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲು ಇದಕ್ಕಿಂತಲೂ ಹಳೆಯದು, ಸುಮಾರು 8.8 ಕೋಟಿ ವರ್ಷದ್ದು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು. ಅಂಥದ್ದೇ ಕಂಬಗಳನ್ನು ಇಲ್ಲೇ ನೋಡಬೇಕಿದ್ದರೆ ದಾದರ್‌ನಲ್ಲಿ ಗಾಡಿ ಬದಲಿಸಿ ಅಂಧೇರಿಗೆ ಹೋಗಿ. ಸ್ಟೇಷನ್ನಿನ ಪಶ್ಚಿಮಕ್ಕೆ ಗಿಲ್ಬರ್ಟ್ ಹಿಲ್ ಸುಮಾರು 200 ಅಡಿ ಎತ್ತರಕ್ಕೆ ನೆಟ್ಟಗೆ ನಿಂತಿದೆ, ನೆತ್ತಿಯ ಮೇಲೆ ಗಾಂವ್‌ದೇವಿ ಗುಡಿ. 2007ರಲ್ಲಿ ಪಾಲಿಕೆ ಅದನ್ನು ಪಾರಂಪರಿಕ ತಾಣವೆಂದು ಪಟ್ಟಿ ಮಾಡುವ ಹೊತ್ತಿಗೆ ಕಲ್ಲು ಒಡೆಯುವವರು ಸುತ್ತಲಿನದನ್ನೆಲ್ಲ ಜಲ್ಲಿ ಮಾಡಿ ಮುಗಿಸಿದ್ದರು. ಆದ್ದರಿಂದ ಗಟ್ಟಿಯಾಗಿ ಹೇಳುತ್ತೇನೆ: ಅಲ್ಲಿ, ಮಲ್ಪೆಯಲ್ಲಿ, ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮೇಲೆ ಸುತ್ತಿಗೆ ಎತ್ತಬೇಡಿ. ನೆನಪಿಗೆ ಒಂದು ಚೂರು ಎನ್ನಬೇಡಿ, ಹೆಸರು ಕೆತ್ತುವುದಂತೂ ಬೇಡವೇ ಬೇಡ. ಕಣ್ಣಲ್ಲಿ ನೋಡಿ, ಫೋನಿನಲ್ಲಿ ಹಿಡಿದುಕೊಳ್ಳಿ, ಸಾಕು. ಚೂರು ಬೇಕೇ ಬೇಕೆಂದರೆ ಕಲ್ಲುಕೋರೆಯವರನ್ನು ಕೇಳಿ, ಅವರ ಅನುಮತಿ ಪಡೆದು ಬಿದ್ದ ರಾಶಿಯಿಂದ ಆರಿಸಿಕೊಳ್ಳಿ.

ಇನ್ನು ಹರಳಿನ ವಿಷಯ. ಎಲ್ಲರ ಮನೆ ದೋಸೆಯೂ ತೂತೇ, ಲಾವಾದ ಕಥೆಯೂ ಅಷ್ಟೇ. ಆರುವಾಗ ಒಳಗಿನ ಅನಿಲ ಗುಳ್ಳೆಗಳಾಗಿ ತೂತು ಉಳಿದುಬಿಡುತ್ತದೆ. ಆ ಪೊಳ್ಳಿನಲ್ಲಿ ಬಿಸಿನೀರು ಸುಳಿದಾಡಿ ನಿಧಾನವಾಗಿ ಹರಳು ಕಟ್ಟುತ್ತದೆ. ಸ್ಟಿಲ್‌ಬೈಟ್, ಹ್ಯೂಲಂಡೈಟ್ ಮೊದಲಾದ ಜಿಯೋಲೈಟ್‌ಗಳು, ಅವುಗಳ ಜೊತೆಗೆ ಅಪೊಫಿಲೈಟ್ ಹುಟ್ಟಿದ್ದು ಹೀಗೆ. ಹತ್ತೊಂಬತ್ತನೇ ಶತಮಾನದಲ್ಲಿ ಭೋರ್ ಘಾಟಿನಲ್ಲಿ ರೈಲು ಹಾದಿ ಕಡಿಯುವಾಗಲೇ ಇವು ಸಿಕ್ಕಿ ಹೊರದೇಶಗಳ ಸಂಗ್ರಹಾಲಯ ಸೇರಿದವು. ಪುಣೆ ಹತ್ತಿರದ ವಾಘೋಲಿಯ ನೀಲಿ ಕ್ಯಾವನ್‌ಸೈಟ್‌ಗಂತೂ ಜಗತ್ತಿನಲ್ಲೇ ಸಾಟಿ ಇಲ್ಲ. ಇವನ್ನೆಲ್ಲ ಒಂದೇ ಕಡೆ ನೋಡಬೇಕೆಂದರೆ ಶಿರಡಿಗೆ ಹೋಗುವಾಗ ನಾಸಿಕ್ ಹತ್ತಿರದ ಸಿನ್ನರ್‌ನಲ್ಲಿ ಇಳಿಯಿರಿ, ಗಾರ್ಗೋಟಿ ಖನಿಜ ಸಂಗ್ರಹಾಲಯವಿದೆ. ವರ್ಷ ವರ್ಷವೂ ಆ ದಾರಿಯಲ್ಲೇ ಹೋಗಿ ಬರುತ್ತೀರಿ, ಒಮ್ಮೆಯಾದರೂ ಗಾಡಿ ನಿಲ್ಲಿಸಿದ್ದೀರಾ?

ಕೊಳ್ಳುವಾಗ ಎಚ್ಚರ. ಅಜಂತಾ, ಎಲ್ಲೋರದ ಬಾಗಿಲಲ್ಲಿ ಹರಳು ಹಿಡಿದು ಹಿಂದೆ ಬೀಳುವವರ ಹತ್ತಿರ ಗುಲಾಬಿ, ಕಡುನೀಲಿ ಬಣ್ಣದ್ದು ಕಂಡರೆ ಬಣ್ಣ ಹಚ್ಚಿದ್ದಿರಬಹುದೆಂದು ಮೊದಲು ಅನುಮಾನಪಡಿ. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಮೂಲೆಯೊಂದನ್ನು ಒರೆಸಿ. ಎಷ್ಟೋ ಸಲ ಬಣ್ಣ ಹತ್ತಿಗೆ ಬರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದೂ ನೆನಪಿರಲಿ. ಬಿಳಿ ಹರಳು ಯಾವುದೆಂದು ತಿಳಿಯದಿದ್ದರೆ ಕಾಣದ ತಳಭಾಗವನ್ನು ಗುಂಡುಪಿನ್ನಿನಿಂದ ಗೀರಿ. ಗೀರು ಬೀಳದೆ ಪಿನ್ನೇ ಜಾರಿದರೆ ಬೆಣಚುಕಲ್ಲು ಇರಬಹುದು. ಪುಡಿ ಬಂದರೆ ಆ ಪುಡಿಗೆ ಒಂದು ಹನಿ ವಿನೆಗರ್ ಬಿಡಿ, ಕಣ್ಣಿಟ್ಟು ನೋಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಕ್ಯಾಲ್ಸೈಟ್. ಸುಮ್ಮನೆ ಒದ್ದೆಯಾದರೆ ಜಿಯೋಲೈಟ್ ಜಾತಿಯದೋ ಏನೋ, ಗೊತ್ತಿದ್ದವರನ್ನು ಕೇಳಿ. ಆಮೇಲೆ ನೀರಲ್ಲಿ ತೊಳೆದಿಡಿ. ಅಂಗಡಿಯವನ ಕಲ್ಲಿನ ಮೇಲೆ ಈ ಪ್ರಯೋಗ ಬೇಡ ಮಾರಾಯ್ರೇ, ದುಡ್ಡು ಕೊಟ್ಟ ಮೇಲೆ ನಿಮ್ಮದರ ಮೇಲೆ ಮಾಡಿ.

ತಂದ ಮೇಲೆ ಕಿಟಕಿಯ ಬಿಸಿಲಿಗೆ ಇಡುತ್ತೀರಲ್ಲ, ಅದು ತಪ್ಪು. ಜಿಯೋಲೈಟಿನ ಒಳಗೇ ನೀರಿದೆ. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಕಾಯಿಸಿ ನೋಡಿದಾಗ ಕಲ್ಲು ಕುದಿದು ನೊರೆ ಬಂದಿತ್ತು. ಲಾಮೊಂಟೈಟ್ ಎಂಬುದಂತೂ ಗಾಳಿಗೆ ಒಣಗಿಯೇ ಪುಡಿಯಾಗಿ ಉದುರುತ್ತದೆ. ಸೂಜಿಯಂಥ ಹರಳುಗಳನ್ನು ಕೈಯಿಂದ ಸವರಬೇಡಿ, ಮುರಿದು ಬೆರಳಿಗೆ ಹೋಗುತ್ತವೆ. ಕಲ್ಲು ಉಜ್ಜುವಾಗ ಧೂಳು ಮೂಗಿಗೆ ಬಾರದಂತೆ ನೀರು ಹಾಕಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಚೀಟಿ ಬರೆಯಿರಿ. ಎಲ್ಲಿ ಸಿಕ್ಕಿತು, ಯಾವ ದಿನ, ಕೊಟ್ಟವರು ಯಾರು. ಊರಿನ ಹೆಸರಿಲ್ಲದ ಹರಳು ಕಲಿಯುವವರಿಗೆ ಯಾವ ಉಪಯೋಗಕ್ಕೂ ಬಾರದು. ಉಪ್ಪಿನಕಾಯಿ ಭರಣಿಗೆ ತಾರೀಖು ಹಚ್ಚುವ ನಿಮಗೆ ಇದನ್ನು ಹೇಳಿಕೊಡಬೇಕೇ?

ಊರಿಗೆ ಹೋಗುವಾಗ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕುರ್ಲಾ ಬಿಟ್ಟದ್ದೇ ಬರ್ತ್ ಬಿಡಿಸಿ ಮಲಗಬೇಡಿ. ಬೆಳಕಿರುವ ತನಕ ಹೊರಗೆ ನೋಡಿ. ಹಳಿಗಾಗಿ ಗುಡ್ಡ ಕಡಿದಲ್ಲೆಲ್ಲ ಕಪ್ಪು ಲಾವಾದ ಪದರಗಳು, ರತ್ನಾಗಿರಿಯ ಕಡೆಗೆ ಅದರ ಮೇಲೆ ನಮ್ಮ ಮುರಕಲ್ಲಿನ ಕೆಂಪು ಟೊಪ್ಪಿ ಕಾಣುತ್ತದೆ. ಸಯನ್‌ನಲ್ಲೂ ಈಗ ಗಲ್ಲಿಗೊಂದು ರೀಡೆವಲಪ್‌ಮೆಂಟ್. ನೆಲ ಪರೀಕ್ಷೆ ಮಾಡುವವರು ಕೊರೆದು ತೆಗೆದ ದುಂಡನೆಯ ಕಲ್ಲಿನ ತುಂಡುಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ ಇಟ್ಟಿರುತ್ತಾರೆ. ಸೈಟಿನ ಇಂಜಿನಿಯರನ್ನು ವಿನಯದಿಂದ ಕೇಳಿದರೆ ತೋರಿಸುತ್ತಾರೆ. ಮೇಲಿನ ಒಂದೆರಡು ಪೆಟ್ಟಿಗೆಯಲ್ಲಿ ಬರೀ ಭರ್ತಿಮಣ್ಣು, ಇಟ್ಟಿಗೆ ಚೂರು, ಕೆಸರು ಇದ್ದರೆ ಅದನ್ನು ಗಮನಿಸಿ. ಏಕೆಂದರೆ ಮುಂದಿನ ಮಾತು ಅದರದ್ದೇ.

ಕಲ್ಲಿನ ಪ್ರೀತಿ ಶೋಕೇಸಿನಲ್ಲೇ ಉಳಿಯಬಾರದು, ನಿಮ್ಮ ಕಟ್ಟಡದ ಬುಡಕ್ಕೂ ತಲುಪಬೇಕು. ಗಟ್ಟಿ ಬಂಡೆಯ ಮೇಲಿದ್ದೇವೆ, ಭೂಕಂಪ ಹಿಮಾಲಯದವರ ಪಾಡು ಎನ್ನುವವರು ನಿಮ್ಮಲ್ಲಿ ಬಹಳ ಮಂದಿ. ಆದರೆ ಕೊಯ್ನಾ ಅಣೆಕಟ್ಟು ಇರುವುದು ಇದೇ ದಖನ್ ಕಲ್ಲಿನ ಮೇಲೆ. ಅಣೆಕಟ್ಟಿನಲ್ಲಿ ನೀರು ತುಂಬತೊಡಗಿದ ಮೇಲೆ ಸಣ್ಣ ಸಣ್ಣ ಕಂಪನ ಶುರುವಾಗಿ, 1967ರ ಡಿಸೆಂಬರ್ 11ರ ಬೆಳಗಿನ ಜಾವ ದೊಡ್ಡದೇ ಬಂತು, ಮುಂಬಯಿಯೂ ನಡುಗಿತು. ಬೀದರ್, ಕಲಬುರಗಿಗೆ ಹತ್ತಿರದ ಕಿಲ್ಲಾರಿಯೂ ಇದೇ ಕಲ್ಲಿನ ಮೇಲಿನದೇ. 1993ರ ಸೆಪ್ಟೆಂಬರ್ 30ರಂದು, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದ ರಾತ್ರಿ, ಸುಮಾರು 10,000 ಜೀವ ಹೋಯಿತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ. ಅಷ್ಟು ಜನರನ್ನು ಕೊಂದದ್ದು ಅದು.

ನಮ್ಮ ಮನೆ ಸಿಮೆಂಟಿನದು ಎಂದು ನೆಮ್ಮದಿಯಾಗಿರಬೇಡಿ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಅವುಗಳಲ್ಲಿ ಬಹಳಷ್ಟಕ್ಕೆ ಕೆಳಗೆ ಬರೀ ಕಂಬ, ಗಾಡಿ ನಿಲ್ಲಿಸುವ ಜಾಗ, ಗೋಡೆಯೇ ಇಲ್ಲ. ನೆಲವೂ ಸಾಬರಮತಿ ತಂದ ಸಡಿಲ ಮಣ್ಣು. 1985ರಲ್ಲಿ ಮೆಕ್ಸಿಕೋ ನಗರ ಬಿದ್ದದ್ದೂ ಹಳೆಯ ಕೆರೆಯ ಕೆಸರಿನ ಮೇಲೆ ನಿಂತಿದ್ದಕ್ಕೆ. ಮೆತ್ತಗಿನ ನೆಲ ನಡುಕವನ್ನು ಹೆಚ್ಚಿಸುತ್ತದೆ. ಸಯನ್‌ನಲ್ಲೂ ಗುಡ್ಡದ ಬುಡದಲ್ಲಿ ಬಂಡೆ, ಮಾಹಿಮ್ ಖಾಡಿಯತ್ತ ಇಳಿದರೆ ಕೆಸರು. ಕುರ್ಲಾಕ್ಕೆ ಹೋಗಲು ಜೌಗು ಅಡ್ಡವಾಗಿ 1800ರ ಆಸುಪಾಸಿನಲ್ಲಿ ಗವರ್ನರ್ ಡಂಕನ್ ಕಾಸ್‌ವೇ ಕಟ್ಟಿಸಬೇಕಾಯಿತು. ಭೂಕಂಪದ ನಕ್ಷೆಯಲ್ಲಿ ಮುಂಬಯಿ ಮೂರನೇ ವಲಯ ಎಂದು 2002ರ ಭಾರತೀಯ ಮಾನಕದಲ್ಲೇ ಇತ್ತು. ಹೆದರಿಸಲು ಹೇಳುತ್ತಿಲ್ಲ, ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡವೆಂದು ಹೇಳುತ್ತಿದ್ದೇನೆ.

ಹಾಗಾಗಿ ಸೊಸೈಟಿ ಮೀಟಿಂಗಿಗೆ ಹೋಗಿ. ಬಿಲ್ಡರ್ ಬಂದಾಗ ಎಷ್ಟು ಚದರಡಿ ಹೆಚ್ಚು ಕೊಡುತ್ತಾನೆ ಎಂದಷ್ಟೇ ಕೇಳಿ ಸಮೋಸ ತಿಂದು ಎದ್ದು ಬರಬೇಡಿ. ಮಣ್ಣು ಪರೀಕ್ಷೆಯ ವರದಿ ಎಲ್ಲಿ, ಕೆಳಗಿನ ಪಾರ್ಕಿಂಗ್ ಮಹಡಿಗೆ ಬಲ ಹೇಗೆ ಕೊಡುತ್ತೀರಿ ಎಂದು ಕೇಳಿ. ಕಟ್ಟಡಕ್ಕೆ ಮೂವತ್ತು ವರ್ಷ ದಾಟಿದ್ದರೆ ಸ್ಟ್ರಕ್ಚರಲ್ ಆಡಿಟ್ ಕಾನೂನಿನಂತೆಯೇ ಆಗಬೇಕು. ಅಡುಗೆಮನೆ ದೊಡ್ಡದು ಮಾಡಲು ಕಂಬ, ಬೀಮ್ ಮುಟ್ಟಬೇಡಿ, ಕೆಳಗಿನ ಅಂಗಡಿಯವರು ಮುಟ್ಟಿದರೂ ಸುಮ್ಮನಿರಬೇಡಿ. 2017ರ ಜುಲೈಯಲ್ಲಿ ಘಾಟ್ಕೋಪರ್‌ನಲ್ಲಿ ಭೂಕಂಪವೇ ಇಲ್ಲದೆ ಕಟ್ಟಡ ಕುಸಿದು 17 ಮಂದಿ ಸತ್ತರು. ಕೆಳಮಹಡಿಯಲ್ಲಿ ಮಾಡಿಸುತ್ತಿದ್ದ ಬದಲಾವಣೆಯೇ ಕಾರಣವೆಂದು ಆರೋಪ ಬಂತು.

ವಾಟ್ಸ್‌ಆ್ಯಪಿನಲ್ಲಿ “ಇಂದು ರಾತ್ರಿ ಮೂರಕ್ಕೆ ಭೂಕಂಪ” ಎಂದು ಬಂದದ್ದನ್ನು ಮುಂದಕ್ಕೆ ಕಳಿಸಬೇಡಿ. ದಿನ, ಗಂಟೆ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರಲ್ಲೂ ಇಲ್ಲ. ಆದ ಮೇಲೆ ವಿವರ ಬೇಕಿದ್ದರೆ ಸರಕಾರದ ರಾಷ್ಟ್ರೀಯ ಭೂಕಂಪ ಕೇಂದ್ರವಿದೆ, ಅಲ್ಲಿ ನೋಡಿ. ನಡುಗುವಾಗ ಮೆಟ್ಟಿಲಿಗೆ ಓಡಬೇಡಿ, ಲಿಫ್ಟಂತೂ ಬೇಡ. ಗಟ್ಟಿ ಮೇಜಿನ ಕೆಳಗೆ ನುಸುಳಿ ಅದರ ಕಾಲು ಹಿಡಿದು ಕೂತಿರಿ, ನಡುಕ ನಿಂತ ಮೇಲೆ ಗ್ಯಾಸ್ ರೆಗ್ಯುಲೇಟರ್ ಆರಿಸಿ ಇಳಿಯಿರಿ. ಲಾಫ್ಟಿನಲ್ಲಿ ತುಂಬಿಟ್ಟ ಹಿತ್ತಾಳೆ ಹಂಡೆಗಳನ್ನು ಈ ಭಾನುವಾರವೇ ಕೆಳಗಿಳಿಸಿ. ಉಕ್ಕಿನ ಕಪಾಟಿಗೂ ಹರಳಿನ ಶೋಕೇಸಿಗೂ ಬಡಗಿಯನ್ನು ಕರೆಸಿ ಗೋಡೆಗೆ ಪಟ್ಟಿ ಹೊಡೆಸಿ. ದೊಡ್ಡ ಕಲ್ಲುಗಳು ಕೆಳಗಿನ ಹಲಗೆಯಲ್ಲಿರಲಿ. ಮಗುವಿನ ಮಂಚದ ತಲೆಯ ಮೇಲಿನ ಹಲಗೆಯಲ್ಲಿ ಐದು ಕಿಲೋ ಸ್ಟಿಲ್‌ಬೈಟ್ ಇಟ್ಟಿದ್ದೀರಿ ಎಂದು ಕೇಳಿದೆ. ಇದನ್ನು ಓದಿ ಮುಗಿಸಿ ಮೊದಲು ಅದನ್ನು ತೆಗೆಯಿರಿ.